ಮಣಿಪಾಲಕ್ಕೆ ಮಕ್ಕಳನ್ನು ನೋಡಲು ಹೋದಾಗ ಎಲ್ಲಿ ಸುತ್ತಾಡಬಹುದು?

ಮಣಿಪಾಲದಲ್ಲಿ ಓದುವ ಮಕ್ಕಳನ್ನು ನೋಡಲು ಬರುವ ಅಪ್ಪ-ಅಮ್ಮಂದಿರ ಪ್ಲಾನು ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಕೃಷ್ಣಮಠ, ಮಧ್ಯಾಹ್ನ ಕೊಲ್ಲೂರು, ಸಂಜೆ ಮುರ್ಡೇಶ್ವರ, ಮರುದಿನ ಶೃಂಗೇರಿ. ಮಗುವಿನ ಜೊತೆ ಕಳೆದದ್ದು ಕಾರಿನ ಸೀಟಿನಲ್ಲಿ ಮಾತ್ರ. ಮಗಳು ಅಲ್ಲಿ ಸೇರಿದ ಮೇಲೆ ದಾವಣಗೆರೆಯಿಂದ ಆಗಾಗ ಹೋಗಿಬರುವ ನಮ್ಮ ಸಲಹೆ: ದೇವಸ್ಥಾನಗಳ ಪಟ್ಟಿಯನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಊರಿನ ಆಸುಪಾಸಿನಲ್ಲೇ ಎರಡು ದಿನಕ್ಕೆ ಬೇಕಾದಷ್ಟಿದೆ. ಆದರೆ ಬೆಳಿಗ್ಗೆ ಬೇಗ ಹೊರಡಬೇಕು, ಮಧ್ಯಾಹ್ನ ಒಳಗಿರಬೇಕು, ನಾಲ್ಕರ ಮೇಲೆ ಮತ್ತೆ ಹೊರಬೀಳಬೇಕು. ನಮ್ಮ ಬಯಲುಸೀಮೆಯ ಬಿಸಿಲು ಕಂಡವರಿಗೂ ಇಲ್ಲಿನ ಸೆಕೆ ತಡೆಯುವುದಿಲ್ಲ. ನೆರಳಲ್ಲಿ ನಿಂತರೂ ಬೆವರು ಆರುವುದಿಲ್ಲ.

ಊರು ಇರುವುದು ಮುರಕಲ್ಲಿನ ಗುಡ್ಡದ ನೆತ್ತಿಯ ಮೇಲೆ. 1953ರಲ್ಲಿ ಟಿ.ಎಂ.ಎ. ಪೈಯವರು ಮೆಡಿಕಲ್ ಕಾಲೇಜು ಕಟ್ಟುವಾಗ ಬೋಳುಗುಡ್ಡವಾಗಿದ್ದ ಜಾಗ. ಆ ಗುಡ್ಡ ಮುಗಿಯುವ ಅಂಚೇ ಎಂಡ್ ಪಾಯಿಂಟ್. ಕೆಳಗೆ ಸ್ವರ್ಣಾ ನದಿ, ತೆಂಗಿನ ತೋಟಗಳು. ಮಳೆ ನಿಂತು ಗಾಳಿ ತಿಳಿಯಾದ ದಿನಗಳಲ್ಲಿ ಪೂರ್ವಕ್ಕೆ ಘಟ್ಟದ ಸಾಲು. ಎಲ್ಲರೂ ಸಂಜೆ ಹೋಗುತ್ತಾರೆ, ನೀವು ಬೆಳಿಗ್ಗೆ ಹೋಗಿ. ರಾತ್ರಿಯೆಲ್ಲ ಎದ್ದಿರುವ ಹುಡುಗರು ಆ ಹೊತ್ತಿಗೆ ಹಾಸಿಗೆ ಬಿಟ್ಟಿರುವುದಿಲ್ಲ, ಜಾಗ ನಿಮ್ಮದೇ. ಸೆಲ್ಫಿಗಾಗಿ ಬೇಲಿ ದಾಟುವ ಸಾಹಸ ಮಾತ್ರ ಬೇಡ, ಮುರಕಲ್ಲು ಒದ್ದೆಯಾದರೆ ವಿಪರೀತ ಜಾರುತ್ತದೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಊರೊಳಗಿನ ಮಣ್ಣಪಳ್ಳ ಕೆರೆಯೇ ಸರಿ. ಸುತ್ತ ಸಮತಟ್ಟಾದ ನಡಿಗೆ ದಾರಿ, ಮರಗಳು, ಸಾಕಷ್ಟು ಹಕ್ಕಿಗಳು.

ಮಲ್ಪೆಗೆ ಹತ್ತು-ಹನ್ನೊಂದು ಕಿಲೋಮೀಟರ್. ಕಾರೇ ಬೇಕೆಂದಿಲ್ಲ. ಮಣಿಪಾಲದಿಂದ ಉಡುಪಿಗೆ ಖಾಸಗಿ ಸಿಟಿ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ, ಅಲ್ಲಿಂದ ಮಲ್ಪೆಗೂ ಹಾಗೆಯೇ. ಬೀಚಿನ ಗದ್ದಲ ನನಗೆ ಅಷ್ಟು ಹಿಡಿಸಿಲ್ಲ. ಒಂದು ಬೊಂಡ (ಎಳನೀರು) ಕುಡಿದು ಮುಂದೆ ಹೋಗಬಹುದು. ಹೋಗಲೇಬೇಕಾದದ್ದು ಸೇಂಟ್ ಮೇರೀಸ್ ದ್ವೀಪಕ್ಕೆ. ಊರಿನವರು ಇದನ್ನು ತೋನ್ಸೆಪಾರ್ ಎನ್ನುತ್ತಾರೆ. ಇಲ್ಲಿನ ಕಲ್ಲುಗಳು ಪೆನ್ಸಿಲುಗಳನ್ನು ಕಟ್ಟುಕಟ್ಟಿ ನಿಲ್ಲಿಸಿದಂತೆ ಬಹುಪಾಲು ಆರು ಮೂಲೆಯ ಕಂಬಗಳಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡ ಕಾಲದಲ್ಲಿ ಉಕ್ಕಿದ ಲಾವಾ, ತಣಿಯುತ್ತ ಕುಗ್ಗಿ ಹೀಗೆ ಬಿರಿದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇಂಜಿನಿಯರಿಂಗ್ ಓದುವ ಮಗಳಿಗೆ ಇದನ್ನು ಹೇಳಲು ಹೋಗಿ, ಅವಳಿಂದಲೇ ಅರ್ಧ ಗಂಟೆ ಪಾಠ ಹೇಳಿಸಿಕೊಂಡೆ, ಅದು ಬೇರೆ ಮಾತು.

ದ್ವೀಪಕ್ಕೆ ಬೆಳಗಿನ ಮೊದಲ ದೋಣಿಯನ್ನೇ ಹಿಡಿಯಿರಿ. ತಡವಾದರೆ ಕಲ್ಲು ಕಾದು ಕೂರಲೂ ಆಗುವುದಿಲ್ಲ, ತೆಂಗಿನ ಮರಗಳ ನೆರಳು ಎಲ್ಲರಿಗೂ ಸಾಲುವುದಿಲ್ಲ. ವಾರದ ದಿನಗಳಲ್ಲಿ ಜನ ತುಂಬುವ ತನಕ ದೋಣಿ ಬಿಡುವುದಿಲ್ಲ, ಭಾನುವಾರ ಕ್ಯೂ. ಎರಡರ ನಡುವೆ ಶನಿವಾರದ ಬೆಳಿಗ್ಗೆ ವಾಸಿ. ದಡದ ತುಂಬ ಮರಳಿಗಿಂತ ಚಿಪ್ಪೇ ಜಾಸ್ತಿ, ಹಾಗಾಗಿ ಹಿಡಿತ ಇರುವ ಚಪ್ಪಲಿ ಬೇಕು. ಸೆಳೆತ ಜೋರು, ಕಂಡಕಂಡಲ್ಲಿ ನೀರಿಗಿಳಿಯಬೇಡಿ. ಲೈಫ್‌ಗಾರ್ಡ್ ಸೀಟಿ ಊದುವುದು ಸುಮ್ಮನೆ ಅಲ್ಲ. ಮಳೆಗಾಲದಲ್ಲಿ ದೋಣಿಯೇ ಇಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುವುದರಿಂದ ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಆಗ ಬಂದವರು ಅದನ್ನೇ ನೋಡಿ, ಅದೂ ಚೆನ್ನಾಗಿದೆ.

ಸಂಜೆಗೆ ಎರಡು ದಾರಿಗಳಿವೆ. ದಕ್ಷಿಣಕ್ಕೆ ಹೋದರೆ ಕಾಪು, 1901ರ ದೀಪಸ್ತಂಭ. ಸಂಜೆ ಸ್ವಲ್ಪ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಮೆಟ್ಟಿಲು ಕಿರಿದು, ಮೇಲೆ ಗಾಳಿ ಟೋಪಿ ಹಾರಿಸುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಜಾಗ. ನಮ್ಮ ಮನೆಯವರ ಮತ ಉತ್ತರಕ್ಕೆ: ಕೆಮ್ಮಣ್ಣಿನ ತೂಗುಸೇತುವೆಯಲ್ಲಿ ಸ್ವರ್ಣೆಯ ಮೇಲೆ ನಡೆದು ತಿಮ್ಮಣ್ಣ ಕುದ್ರು ಎಂಬ ನಡುಗಡ್ಡೆಗೆ ಹೋಗಿಬಂದು, ಆಮೇಲೆ ಕೋಡಿಬೆಂಗ್ರೆಯವರೆಗೆ. ರಸ್ತೆಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ಮನೆಗಳು, ಒಣಗಲು ಹರಡಿದ ಮೀನು. ತುದಿಯಲ್ಲಿ ಸೀತಾ, ಸ್ವರ್ಣಾ ಎರಡೂ ಸಮುದ್ರ ಸೇರುತ್ತವೆ. ದಾರಿ ಕಿರಿದು, ಜನರ ಅಂಗಳದ ಮುಂದೆಯೇ ಹಾದುಹೋಗುತ್ತದೆ. ಹಾರ್ನ್ ಬಡಿಯದೆ ನಿಧಾನ ಹೋಗಿ. ಸ್ವಲ್ಪ ಕೈಬಲ ಇರುವವರು ಸಾಲಿಗ್ರಾಮದ ಬಳಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕ್ ಹುಟ್ಟು ಹಾಕಬಹುದು. ಮೊದಲೇ ಫೋನ್ ಮಾಡಿ ಉಬ್ಬರದ ಹೊತ್ತು ಕೇಳಿಕೊಳ್ಳಿ, ಇಳಿತದಲ್ಲಿ ಒಳಗಿನ ಕಾಲುವೆಗಳಲ್ಲಿ ಕೆಸರೇ ಹೆಚ್ಚು.

ಆಗುಂಬೆಗೆಂದು ಪ್ರತ್ಯೇಕ ದಿನ ಬೇಡ. ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಬರುವ ನಮ್ಮಂಥವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳು, ವಾಂತಿ ಬರುವವರು ಮುಂದಿನ ಸೀಟಿಗೆ. ಸೂರ್ಯಾಸ್ತ ಕಾಣುವುದು ನವೆಂಬರಿನಿಂದ ಜನವರಿವರೆಗೆ. ಮಳೆಗಾಲದಲ್ಲಿ ಅಲ್ಲಿ ನಿಂತರೆ ಬಿಳಿ ಮಂಜು ಬಿಟ್ಟು ಏನೂ ಇಲ್ಲ. ಹೆಬ್ರಿ ಕಡೆಯ ಕೂಡ್ಲು ತೀರ್ಥಕ್ಕೆ ಅರಣ್ಯ ಇಲಾಖೆಯ ಟಿಕೆಟ್ ಬೇಕು. ಮಳೆ ಜೋರಿದ್ದಾಗ ಮುಚ್ಚಿರುತ್ತಾರೆ, ತೆರೆದಿದ್ದರೂ ಇಂಬಳ ಕಾಲಿಗೆ ಹತ್ತುತ್ತದೆ, ಚೀಲದಲ್ಲಿ ಉಪ್ಪು ಇರಲಿ. ಜಲಪಾತದ ಕೆಳಗಿನ ಗುಂಡಿ ಆಳವಾಗಿದೆ.

ರೂಮಿನ ವಿಷಯ ಕೊನೆಗೆ. ಹೊಸಬರು ಸೇರುವ ಜುಲೈ-ಆಗಸ್ಟಿನಲ್ಲಿ, ಘಟಿಕೋತ್ಸವದ ನವೆಂಬರಿನಲ್ಲಿ, ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಜನವರಿ 18ರ ಪರ್ಯಾಯದ ಹೊತ್ತಿಗೆ ಮಣಿಪಾಲ-ಉಡುಪಿಯಲ್ಲಿ ರೂಮು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ರೈಲಿನಲ್ಲಿ ಬರುವವರು ಇಂದ್ರಾಳಿಯ ಉಡುಪಿ ಸ್ಟೇಷನ್ನಿನಲ್ಲಿ ಇಳಿದರೆ ಮಣಿಪಾಲ ಆಟೋ ದೂರ. ಮಕ್ಕಳ ಪರೀಕ್ಷೆ ಯಾವಾಗ ಎಂದು ಮಾತ್ರ ಟಿಕೆಟ್ ಬುಕ್ ಮಾಡುವ ಮುಂಚೆಯೇ ಕೇಳಿ.