ಕಾಯೋದಕ್ಕೂ ಖರ್ಚಿದೆ

ಮೂಡಿಗೆರೆ ಕಡೆ ಕಾಫಿ ಬೆಳೆಯುವವರ ಮನೆಗೆ ಮಳೆಗಾಲದ ಬೆಳಿಗ್ಗೆ ಫೋನ್ ಮಾಡಿದರೆ ಅವರು ಮೊದಲು ಕೇಳುವುದು ಆರೋಗ್ಯ ಅಲ್ಲ, "ನಿಮ್ಮಲ್ಲಿ ಎಷ್ಟಾಯ್ತು?" ಅಂತ. ಅದು ಮಳೆಯ ಲೆಕ್ಕ. ಇಂಚು, ಸೆಂಟ್. ಒಂದಿಂಚಿಗೆ ನೂರು ಸೆಂಟ್. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ನಾವಿನ್ನೂ ಇಂಚು ಬಿಟ್ಟಿಲ್ಲ, ಬಿಡುವ ಹಾಗೂ ಕಾಣೋದಿಲ್ಲ.

ನಮ್ಮ ಮನೆಯಲ್ಲೂ ಮಳೆ ಪುಸ್ತಕ ಇದೆ. ಅಜ್ಜ ಶುರು ಮಾಡಿದ್ದು, ಆಮೇಲೆ ಅಪ್ಪ, ಈಗ ನಾನು. ತಾರೀಖು, ಮಳೆ, ಕೊನೆಯಲ್ಲಿ ಷರಾ ಅಂತ ಒಂದು ಕಾಲಂ. ಈ ಷರಾ ಕಾಲಂ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಅಜ್ಜ ಅಲ್ಲಿ ಏನೂ ಬರೆಯುತ್ತಿರಲಿಲ್ಲ, ಜಾಸ್ತಿ ಅಂದರೆ "ಗಾಳಿ". ಅಪ್ಪ ಮಾತ್ರ ಎಲ್ಲವನ್ನೂ ತುರುಕಿದ್ದಾರೆ. ಪಂಪ್ ಕೆಟ್ಟಿತು, ಆಳು ಬಂದಿಲ್ಲ, ಸಿಲ್ವರ್ ಮರ ಬಿತ್ತು, ಮಗನಿಗೆ ಜ್ವರ.

ಇದರ ಉಪಯೋಗ ಏನು ಅಂತ ಗೊತ್ತಾಗೋದು ಜನ ಮಾತಾಡುವಾಗ. ಪ್ರತಿ ಆಗಸ್ಟಿನಲ್ಲೂ ಯಾರಾದರೂ ಒಬ್ಬರು ಬಂದು "ಇಂಥ ಮಳೆ ನಾನು ಹುಟ್ಟಿದಾಗಿಂದ ನೋಡಿಲ್ಲ ಮಾರಾಯ" ಅನ್ನುತ್ತಾರೆ. ಪುಸ್ತಕ ತೆಗೆದರೆ ಅವರು ಅದನ್ನು ನೋಡಿದ್ದಾರೆ, ಮರೆತಿದ್ದಾರೆ ಅಷ್ಟೇ. 2019ರ ಆಗಸ್ಟ್ ಮಾತು ಬೇರೆ. ಮಲೆಮನೆ, ಮಧುಗುಂಡಿ ಕಡೆ ಗುಡ್ಡವೇ ಜಾರಿದ ಆ ವಾರ ಪುಸ್ತಕ ಕೂಡ ಅವರ ಪರವೇ ನಿಂತಿತ್ತು. ಉಳಿದ ಸಲ ಹೆಚ್ಚುಕಮ್ಮಿ ಹಾಗಲ್ಲ. ನಮ್ಮ ನೆನಪು ನಿನ್ನೆ ಮೊನ್ನೆಯದಕ್ಕೇ ಜಾಸ್ತಿ ಮಣೆ ಹಾಕುತ್ತದೆ. ಬರೆದಿಟ್ಟ ಕಾಗದಕ್ಕೆ ಆ ಚಟ ಇಲ್ಲ.

ಕಾಫಿ ಬೆಳೆಯೋರಿಗೆ ತಾಳ್ಮೆ ಜಾಸ್ತಿ ಅಂತ ಪಟ್ಟಣದವರು ಹೇಳುವುದನ್ನು ಕೇಳಿದ್ದೇನೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಹೂವಿನ ಮಳೆ ಹೊತ್ತಿಗೆ ಒಂದು ಸಲ ಬಂದು ನೋಡಿ, ಇಡೀ ಊರಿನ ಬಿಪಿ ಏರಿರುತ್ತದೆ. ಬೇಸಿಗೆಯ ಒಣಹವೆಗೆ ಮೊಗ್ಗು ಬಲಿತು ಕಾದಿರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಸುಮಾರು ಒಂದಿಂಚು ಮಳೆ ಒಂದೇ ಸಲಕ್ಕೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬಿಳಿ. ಅಲ್ಲಿಂದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು, ಬ್ಯಾಕಿಂಗ್ ಅನ್ನುತ್ತೇವೆ, ಕಾಯಿ ನಿಲ್ಲಬೇಕಲ್ಲ. ಆಮೇಲೆ ಅರೇಬಿಕಾ ಹಣ್ಣಾಗಲು ಎಂಟೊಂಬತ್ತು ತಿಂಗಳು, ರೊಬಸ್ಟಾಗೆ ಹತ್ತು ಹನ್ನೊಂದು. ಇವು ಯಾವುದಕ್ಕೂ ನಮ್ಮ ಅವಸರ ತಟ್ಟುವುದಿಲ್ಲ, ಇಲ್ಲಿ ಕಾಯೋದು ಕಷ್ಟವೇ ಅಲ್ಲ, ಬೇರೆ ದಾರಿನೇ ಇಲ್ಲವಲ್ಲ.

ಕಷ್ಟ ಇರೋದು ಇಪ್ಪತ್ತು ಸೆಂಟ್ ಮಳೆ ಬಂದಾಗ. ಇಪ್ಪತ್ತು ಸೆಂಟ್ ಬಹಳ ಕೆಟ್ಟ ಮಳೆ. ಮೊಗ್ಗು ಎದ್ದುಬಿಡುತ್ತದೆ, ಆದರೆ ಅರಳುವಷ್ಟು ನೀರಿಲ್ಲ. ಈಗ ಸ್ಪ್ರಿಂಕ್ಲರ್ ಹಾಕಬೇಕಾ, ಕಾಯಬೇಕಾ? ಹಾಕಿದರೆ ಡೀಸೆಲ್ ಖರ್ಚು, ಕೆರೆ ನೀರು ಬೇರೆ ತಳ ಕಂಡಿರುತ್ತದೆ. ಮೊದಲ ಬ್ಲಾಕ್ ಮುಗಿಸುವ ಹೊತ್ತಿಗೆ ಮೋಡ ಕಟ್ಟಿ ಒಂದಿಂಚು ಸುರಿದರೆ ದುಡ್ಡು ನೀರಿಗೆ ಹೋದ ಹಾಗೆ. ಹಾಕದೆ ಕೂತು ಮಳೆಯೂ ಬರದಿದ್ದರೆ ಎದ್ದ ಮೊಗ್ಗು ಹಾಗೇ ಕರಟುತ್ತದೆ. ಯೋಚನೆಗೆ ಇರುವುದು ಎರಡೋ ಮೂರೋ ದಿನ. ಪಕ್ಕದ ತೋಟದಲ್ಲಿ ಪಂಪ್ ಸದ್ದು ಕೇಳಿದ ತಕ್ಷಣ ನಮ್ಮ ಕೈಯೂ ಕಡಿಯೋಕೆ ಶುರುವಾಗುತ್ತದೆ.

ಅಪ್ಪ ಇಂಥ ದಿನ ಏನು ಮಾಡುತ್ತಿದ್ದರು ಅಂದರೆ, ಸುಮ್ನೆ ಕೂರುತ್ತಿರಲಿಲ್ಲ. ಪೈಪ್ ಎಳೆಸಿ ಜೋಡಿಸಿ, ಎಂಜಿನ್‌ಗೆ ಎಣ್ಣೆ ಹಾಕಿ, ಒಂದು ಸಲ ಸ್ಟಾರ್ಟ್ ಮಾಡಿ ನಿಲ್ಲಿಸಿ, ಆಮೇಲೆ ಪುಸ್ತಕ ಹಿಡಿದು ಜಗಲಿಯಲ್ಲಿ ಕೂತು ಹಿಂದಿನ ವರ್ಷಗಳಲ್ಲಿ ಸಣ್ಣ ಮಳೆ ಆದಮೇಲೆ ದೊಡ್ಡದು ಎಷ್ಟು ದಿನಕ್ಕೆ ಬಂತು ಅಂತ ಬೆರಳಿಟ್ಟು ನೋಡುತ್ತಿದ್ದರು. ಎರಡನೇ ದಿನ ಸಂಜೆ ತೀರ್ಮಾನ. ಅದು ತಪ್ಪಾದರೂ ಆಮೇಲೆ ಆ ಮಾತಿಲ್ಲ, ಷರಾದಲ್ಲಿ ಒಂದು ಸಾಲು ಅಷ್ಟೇ. ಕಾಯುವ ಹೊತ್ತಿನಲ್ಲಿ ಅರ್ಧ ಕೆಲಸ ಮುಗಿಸಿಟ್ಟವನಿಗೆ ಮಾತ್ರ ಕಾಯುವ ಧೈರ್ಯ ಬರುತ್ತದೆ ಅನಿಸುತ್ತದೆ ನನಗೆ. ಪೈಪನ್ನೇ ಜೋಡಿಸದೆ "ದೇವರಿದ್ದಾನೆ, ನೋಡೋಣ" ಅನ್ನೋದು ಸೋಮಾರಿತನ.

ನಾನು ಷರಾ ಕಾಲಮಿನಲ್ಲಿ ಜಗಳವನ್ನೂ ಬರೆಯುತ್ತೇನೆ. ಮನೆಯವರಿಗೆ ಇದು ತಮಾಷೆ. ಹೋದ ಜನವರಿಯಲ್ಲಿ ಹಣ್ಣು ಗಿಡದಿಂದ ಉದುರುತ್ತಿರುವಾಗ ಆಳು ಒದಗಿಸುವ ಮೇಸ್ತ್ರಿ ನಮಗೆ ಒಪ್ಪಿಕೊಂಡಿದ್ದ ಆಳುಗಳನ್ನು ಇನ್ನೊಂದು ತೋಟಕ್ಕೆ ಕಳಿಸಿಬಿಟ್ಟ, ಅಲ್ಲಿ ಕೆಜಿಗೆ ಜಾಸ್ತಿ ಕೊಡುತ್ತಾರಂತೆ. ವಾಟ್ಸಾಪಿನಲ್ಲಿ ಅವನಿಗೆ ಉದ್ದದ ವಾಯ್ಸ್ ಮೆಸೇಜ್ ಮನಸ್ಸಿನಲ್ಲೇ ಪೂರ್ತಿ ತಯಾರಾಗಿತ್ತು, ಅವನ ಅಪ್ಪನ ಕಾಲದ ಸಾಲದವರೆಗೂ. ಕಳಿಸಲಿಲ್ಲ. ಪುಸ್ತಕದಲ್ಲಿ ಬರೆದು ಮಲಗಿದೆ. ಬೆಳಿಗ್ಗೆ ಎದ್ದಾಗ ಸಿಟ್ಟು ಇಳಿದಿತ್ತು ಅಂತ ಬರೆದರೆ ಚೆನ್ನಾಗಿರುತ್ತದೆ, ಆದರೆ ಇಳಿದಿರಲಿಲ್ಲ. ಅವನ ತಪ್ಪು ಅವನದೇ ಆಗಿತ್ತು. ಬದಲಾಗಿದ್ದು ಇಷ್ಟು: ರಾತ್ರಿ ನನಗೆ ಬೇಕಿದ್ದದ್ದು ಅವನನ್ನು ಬೈಯುವುದು, ಬೆಳಿಗ್ಗೆ ಬೇಕಿದ್ದದ್ದು ಹಣ್ಣು ಕೊಯ್ಯುವುದು. ಫೋನ್ ಮಾಡಿ "ಅರ್ಧ ಆಳಾದರೂ ಈ ವಾರ ಬೇಕು, ಮೇಲಿನ ಬ್ಲಾಕ್ ಮಾತ್ರ" ಅಂದೆ. ಗೊಣಗಿಕೊಂಡು ಕಳಿಸಿದ. ಬೈಗುಳ ಇನ್ನೂ ನನ್ನ ಹತ್ತಿರವೇ ಇದೆ, ಮುಂದೆ ಬೇಕಾದರೆ ಆಯಿತು.

ಇಲ್ಲಿಯವರೆಗೆ ಹೇಳಿದ್ದಕ್ಕೆ ದುಡ್ಡು ಹೆಚ್ಚೇನೂ ಬೇಡ. ಈಗ ದುಡ್ಡು ಬೇಕಾದ ತಾಳ್ಮೆಯ ವಿಷಯ.

ಹಿಂದೆ ಕಾಫಿ ಮಂಡಳಿಯ ಪೂಲ್ ಇತ್ತು, ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆ. ಬೆಳೆದದ್ದನ್ನು ಅಲ್ಲಿಗೇ ಕೊಡಬೇಕು, ಹಣ ಕಂತು ಕಂತಾಗಿ ಬರುವುದು. ಮಗಳ ಮದುವೆಗೆ ಕೊನೆ ಕಂತು ಬರಲಿಲ್ಲ ಅಂತ ಬೈದುಕೊಂಡವರ ಕಥೆ ಮನೆಮನೆಯಲ್ಲೂ ಸಿಗುತ್ತದೆ. 1990ರ ದಶಕದಲ್ಲಿ ಅದು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರುಕಟ್ಟೆ ಬಂತು. ಆಗ ಕಾಯೋದು ಬಲವಂತ, ಈಗ ಅದು ನಮ್ಮ ಆಯ್ಕೆ. ನನ್ನ ಪ್ರಕಾರ ಇದೇ ಜಾಸ್ತಿ ಕಷ್ಟ. ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಬಂದು 2025ರ ಶುರುವಿನಲ್ಲಿ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಹೋಯಿತಲ್ಲ, ಆಗ ನಮ್ಮೂರಿನಲ್ಲಿ ಯಾರೂ ಖುಷಿಯಾಗಿದ್ದ ಹಾಗೆ ನನಗೆ ಕಾಣಲಿಲ್ಲ. ಮೊದಲೇ ಮಾರಿದವರಿಗೆ ಅಯ್ಯೋ ಅಂತ, ಮಾರದವರಿಗೆ ಇನ್ನೂ ಏರಬಹುದು ಅಂತ. ಬೆಳಿಗ್ಗೆ ಎದ್ದರೆ ಮಳೆ ಅಲ್ಲ, ಗ್ರೂಪಿನಲ್ಲಿ ಬರುವ ರೇಟ್ ಫೋಟೋ.

ಆಗ ದೊಡ್ಡ ಗೋಡೌನ್ ಇದ್ದವರು "ತಾಳಿದವನು ಬಾಳಿಯಾನು" ಅಂತ ಉಪದೇಶ ಮಾಡುತ್ತಿದ್ದರು. ಮೂರು ಎಕರೆ ಇರುವವನು ಏನು ತಾಳಬೇಕು? ಅವನಿಗೆ ವಾರದ ಬಟವಾಡೆ ಕೊಡಬೇಕು, ಸೊಸೈಟಿ ಸಾಲ ಕಟ್ಟಬೇಕು, ಗೊಬ್ಬರ ತರಬೇಕು. ಕಣದಲ್ಲಿ ಒಣಗಿದ ಮರುದಿನವೇ ಚೀಲ ವ್ಯಾಪಾರಿಯ ಜೀಪು ಹತ್ತುತ್ತದೆ. ಅವನಿಗೆ ತಾಳ್ಮೆ ಇಲ್ಲ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೊಯ್ಯಲು ಬಂದವರಿಗಂತೂ ಒಂದು ದಿನ ಕಾಯುವ ಅನುಕೂಲವೂ ಇಲ್ಲ. ಶನಿವಾರ ಸಂಜೆ ಬಟವಾಡೆ ಆಗದಿದ್ದರೆ ಭಾನುವಾರದ ಸಂತೆ ಇಲ್ಲ, ಅಷ್ಟೇ. ಅವರಿಗೆ ಮುಂದಿನ ವಾರ ಕೊಡ್ತೀನಿ ಅಂದು ತಾನು ಚೀಲ ಹಿಡಿದಿಟ್ಟುಕೊಂಡವರನ್ನೂ ನೋಡಿದ್ದೇನೆ. ಕಾಯುವ ಖರ್ಚನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಅದಕ್ಕೆ ತಾಳ್ಮೆ ಅನ್ನುವುದು ಹೇಗೆ?

ನಾವು ಈಗ ಮಾಡುವುದು ಇಷ್ಟು. ಬಟವಾಡೆ, ಗೊಬ್ಬರ, ಕಂತು, ಮಕ್ಕಳ ಫೀಸು ಎಲ್ಲ ಕೂಡಿಸಿ, ಅದಕ್ಕೆ ಎಷ್ಟು ಚೀಲ ಬೇಕೋ ಅಷ್ಟನ್ನು ಕಣದಿಂದಲೇ ಮಾರುತ್ತೇವೆ, ರೇಟ್ ಏನೇ ಇರಲಿ. ಉಳಿದದ್ದಕ್ಕೆ ಮಾತ್ರ ಕಾಯುವ ಹಕ್ಕು ಇದೆ ಅಂತ ಲೆಕ್ಕ. ರೇಟ್ ನೋಡುವುದು ವಾರಕ್ಕೊಂದು ಸಲ. ಅಪ್ಪನಿಗೆ ಅದೂ ಜಾಸ್ತಿ ಅನಿಸುತ್ತದೆ, ಹೆಂಡತಿಗೆ ಕಡಿಮೆ. ಉಳಿಸಿಕೊಂಡ ಚೀಲಗಳಿಗೂ ಒಂದು ಗಡುವು ಇದೆ. ಮುಂಗಾರು ಹಿಡಿದ ಮೇಲೆ ನಮ್ಮ ಕಡೆಯ ಥಂಡಿಗೆ ಗೋಡೌನಿನಲ್ಲಿರುವ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ತೇವ ಎಳೆದುಕೊಂಡು ಬಣ್ಣ ಕೆಡಿಸಿಕೊಳ್ಳುತ್ತದೆ. ಹಾಗಾಗಿ ಮೇ ಕೊನೆಗೆ ಅವೂ ಹೋಗಬೇಕು, ಆ ದಿನ ವ್ಯಾಪಾರಿ ಏನು ಹೇಳುತ್ತಾನೋ ಅದೇ ಬೆಲೆಗೆ.