4294967297ನ್ನು ಒಡೆದ ಕಥೆ

32 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕೂಡಿಸಿದರೆ 4294967297 ಬರುತ್ತದೆ. 429 ಕೋಟಿಗೂ ಜಾಸ್ತಿ. ಹೀಗೇ 1, 2, 4, 8, 16 ಎರಡುಗಳನ್ನು ತೆಗೆದುಕೊಂಡು ಗುಣಿಸಿ 1 ಕೂಡಿಸಿದರೆ ಬರುವ, ಇದೇ ಸಾಲಿನ 3, 5, 17, 257, 65537 ಎಲ್ಲವೂ ಅವಿಭಾಜ್ಯ, ಹಾಗಾಗಿ ಇದೂ ಅವಿಭಾಜ್ಯವೇ ಅಂತ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು ಒಡೆದೇಬಿಟ್ಟರು: 641 × 6700417.

ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಹಾಗಾಗಿ ಸುಮ್ನೆ ಎಲ್ಲ ಸಂಖ್ಯೆಗಳನ್ನೂ ನೋಡಬೇಕಿಲ್ಲ, 193, 257, 449, 577 ದಾಟಿದರೆ 641 ಸಿಕ್ಕೇಬಿಡುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಬೇರೆ. 641 ಅಂದರೆ 625 + 16, ಅಂದರೆ 5ರ ನಾಲ್ಕನೇ ಘಾತ ಮತ್ತು 2ರ ನಾಲ್ಕನೇ ಘಾತ ಸೇರಿದ್ದು. ಅದೇ 641 ಅಂದರೆ 5 × 128 + 1 ಕೂಡ. ಇವೆರಡನ್ನು ಜೋಡಿಸಿದರೆ ಸಾಕು, ಉದ್ದದ ಭಾಗಾಕಾರವೇ ಇಲ್ಲದೆ 641 ಇದನ್ನು ಭಾಗಿಸುತ್ತದೆ ಅಂತ ಗೊತ್ತಾಗುತ್ತದೆ. ಎಷ್ಟು ಚೆಂದ ಅಲ್ವಾ? 65537ರ ಆಚೆ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇವತ್ತಿಗೂ ಸಿಕ್ಕಿಲ್ಲ.