20 ಸೆಕೆಂಡಿನ ರೈಲು

ಮೋಟರ್ ನಿಲ್ಲುವವರೆಗೂ ಒಂದು ಫೋಟೋನೂ ಸರಿಯಾಗಿ ಬರಲಿಲ್ಲ.

ಸಂಕ್ರಾಂತಿ ಮುಗಿದ ಮೇಲಿನ ಮೊದಲ ಶನಿವಾರ ಅದು. ರಾಜಾಜಿನಗರದ ಕಡೆ, ಮೂರಂತಸ್ತಿನ ಒಂದು ಹಳೇ ಮನೆಯ ತಾರಸಿ ಮೇಲೆ ಟ್ರೈಪಾಡ್ ಇಟ್ಟುಕೊಂಡು ನಿಂತಿದ್ದೆ. ಎದುರಿಗೇ ನಮ್ಮ ಮೆಟ್ರೋದ ಹಸಿರು ಮಾರ್ಗ. ರಸ್ತೆಯಲ್ಲಿ ನಿಂತು ತಲೆ ಎತ್ತಿ ನೋಡುವ ಆ ಕಾಂಕ್ರೀಟ್ ಸೇತುವೆ ಇಲ್ಲಿ ಎದೆಯ ಎತ್ತರಕ್ಕಿತ್ತು. ಮಹಾಕವಿ ಕುವೆಂಪು ರಸ್ತೆ ನಿಲ್ದಾಣ ಅಲ್ಲಿಂದ ಬಹಳ ದೂರ ಇಲ್ಲ. ಆ ಕಡೆಯಿಂದ ಶ್ರೀರಾಂಪುರಕ್ಕೆ ಹೋಗುವ ರೈಲು, ಈ ಕಡೆಯಿಂದ ನಿಲ್ದಾಣಕ್ಕೆ ಬರುವ ರೈಲು, ಎರಡೂ ಕಣ್ಣ ಮುಂದೆಯೇ ಹಾದು ಹೋಗುತ್ತವೆ.

ಮನೆ ನನ್ನ ಗೆಳೆಯನ ದೊಡ್ಡಮ್ಮನದು. ಅವನು ದೊಡ್ಡಮ್ಮ ಅನ್ನುತ್ತಾನೆ, ನಾನೂ ಹಾಗೇ ಕರೆಯುತ್ತೇನೆ.

ಇಂಥದ್ದೊಂದು ತಾರಸಿಗಾಗಿ ಎರಡು ವರ್ಷ ಹುಡುಕಿದ್ದೆ. ರಾತ್ರಿ ಹೊತ್ತು ಊರಿನ ನಡುವೆ ಬೆಳಕಿನ ಗೆರೆಯಾಗಿ ಹರಿಯುವ ಮೆಟ್ರೋವನ್ನು ಲಾಂಗ್ ಎಕ್ಸ್‌ಪೋಶರ್‌ನಲ್ಲಿ, ಅಂದರೆ ಕ್ಯಾಮೆರಾದ ಶಟರನ್ನು ಬಹಳ ಹೊತ್ತು ತೆರೆದಿಟ್ಟು, ಹಿಡಿಯಬೇಕು ಅನ್ನೋದು ನನ್ನ ಆಸೆ. ರಸ್ತೆಯಲ್ಲಿ ನಿಂತರೆ ಸೇತುವೆಯ ಹೊಟ್ಟೆ ಕಾಣುತ್ತೆ, ರೈಲು ಕಾಣಲ್ಲ. ಹಳಿಯ ಎರಡೂ ಪಕ್ಕ ಕಾಂಕ್ರೀಟಿನ ಅಡ್ಡಗೋಡೆ ಇರುವುದರಿಂದ ಕೆಳಗಿನವರಿಗೆ ಸಿಗುವುದು ಬೋಗಿಯ ನೆತ್ತಿ ಮಾತ್ರ. ವಾಹನಗಳು ಓಡಾಡುವ ಮೇಲ್ಸೇತುವೆ ಮೇಲೆ ನಿಂತು ನೋಡಿದೆ. ಒಂದು ಬಸ್ಸು ಹೋದರೆ ಸಾಕು, ಸೇತುವೆಯೇ ಸಣ್ಣಗೆ ನಡುಗುತ್ತೆ, ಫೋಟೋ ಕೆಡುತ್ತೆ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಗೇಟ್ ದಾಟುವುದೇ ಕಷ್ಟ. ದಾಟಿದರೂ 15ನೇ ಮಹಡಿಯಿಂದ ರೈಲು ಇರುವೆ ಸಾಲಿನ ಹಾಗೆ ಕಾಣುತ್ತೆ. ನನಗೆ ಬೇಕಿದ್ದದ್ದು ರೈಲಿನ ಕಿಟಕಿಗೆ ಸರಿಸಮನಾದ, ಹೆಚ್ಚೆಂದರೆ ಅದಕ್ಕಿಂತ ಒಂದು ಆಳು ಎತ್ತರದ ಜಾಗ.

ಬೆಂಗಳೂರಿನ ಮೆಟ್ರೋದಲ್ಲಿ ಫೋಟೋ ತೆಗೆಯುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಇಲ್ಲಿ ರೈಲಿನ ತಲೆ ಮೇಲೆ ತಂತಿ ಇಲ್ಲ. ಹಳಿಯ ಪಕ್ಕದಲ್ಲೇ ಓಡುವ ಮೂರನೇ ಹಳಿಯಿಂದ 750 ವೋಲ್ಟ್ ವಿದ್ಯುತ್ ಸಿಗುತ್ತೆ. ಚೆನ್ನೈ ಮೆಟ್ರೋಗೆ ಮೇಲೆ ತಂತಿ ಇದೆ, ಕಂಬಗಳೂ ಇವೆ. ಇಲ್ಲಿ ಅದ್ಯಾವುದೂ ಇಲ್ಲದೆ ಸೇತುವೆ, ರೈಲು, ಆಕಾಶ ಮೂರೇ ಇರುತ್ತವೆ. ಈ ಖಾಲಿ ಆಕಾಶದ ಬೆಲೆ ಗೊತ್ತಾಗುವುದು ಕ್ಯಾಮೆರಾ ಹಿಡಿದು ನಿಂತಾಗಲೇ.

ಸೂರ್ಯ 6.15ರ ಸುಮಾರಿಗೆ ಮುಳುಗಿದ. ಆಮೇಲೆ ಸಿಗುವುದು ಹೆಚ್ಚೆಂದರೆ ಅರ್ಧ ಗಂಟೆ. ಆಕಾಶ ಪೂರ್ತಿ ಕಪ್ಪಾಗಿರಬಾರದು, ಬೆಳಕೂ ಜಾಸ್ತಿ ಇರಬಾರದು. ನೀಲಿ ಗಾಢವಾಗಿ, ಮನೆಗಳ ದೀಪ ಹತ್ತಿಕೊಂಡಿರುವ ಹೊತ್ತು. ಫೋಟೋಗ್ರಾಫರುಗಳು ಬ್ಲೂ ಅವರ್ ಅನ್ನುತ್ತಾರೆ. ಹೆಸರಿಗೆ ಅವರ್, ನಮ್ಮ ಕಡೆ ಅದು 15, 20 ನಿಮಿಷ ಅಷ್ಟೇ. ಸಮಭಾಜಕ ವೃತ್ತಕ್ಕೆ ಹತ್ತಿರ ಇರುವ ಊರುಗಳಲ್ಲಿ ಸೂರ್ಯ ನೇರವಾಗಿ ಕೆಳಗಿಳಿದುಬಿಡುತ್ತಾನೆ, ಮುಸ್ಸಂಜೆ ಬೇಗ ಮುಗಿದು ಕತ್ತಲಾಗುತ್ತೆ.

ಮೊದಲ ಫ್ರೇಮು 6.24ಕ್ಕೆ. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋದು) 100, ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಎಫ್ 11, ಶಟರ್ 20 ಸೆಕೆಂಡ್. ಇನ್ನೂ ಬೆಳಕಿತ್ತು. ಹಾಗಾಗಿ ಲೆನ್ಸ್ ಮುಂದೆ ಬೆಳಕನ್ನು ಎಂಟರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ ಫಿಲ್ಟರ್ ಹಾಕಿದ್ದೆ. ಕ್ಯಾಮೆರಾಗೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗೆ. ಎರಡು ಸೆಕೆಂಡ್ ಟೈಮರ್ ಇಟ್ಟು, ಬಟನ್ ಒತ್ತಿ, ಕೈ ತೆಗೆದು ಉಸಿರು ಬಿಗಿಹಿಡಿದು ನಿಂತೆ. ರೈಲು ಹೋಯಿತು. ಸ್ಕ್ರೀನ್ ನೋಡಿದರೆ ಎದುರಿನ ಕಟ್ಟಡದ ಅಂಚು ಎರಡೆರಡು. ಬೀದಿ ದೀಪ ಚುಕ್ಕೆ ಆಗುವ ಬದಲು ಸಣ್ಣ ಗೀಟು.

ಇನ್ನೊಂದು ತೆಗೆದೆ. ಅದೂ ಅಷ್ಟೇ. ಮೂರನೆಯದೂ.

ರೈಲು ಹೋಗುವಾಗ ಮನೆ ಅಲ್ಲಾಡುತ್ತಿರಬೇಕು ಅಂದುಕೊಂಡೆ. ಇಷ್ಟು ಹತ್ತಿರ ಅಲ್ವಾ? ಹಾಗಿದ್ದರೆ ಇವತ್ತಿನ ಕೆಲಸ ಮುಗಿದಂತೆಯೇ.

ಅಷ್ಟರಲ್ಲಿ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದರು. ಸ್ಟೀಲ್ ತಟ್ಟೆಯಲ್ಲಿ ಎಳ್ಳು ಬೆಲ್ಲ, ಎರಡು ಸಕ್ಕರೆ ಅಚ್ಚು, ಒಂದು ಲೋಟ ಕಾಫಿ. ಸಕ್ಕರೆ ಅಚ್ಚಿನಲ್ಲಿ ಒಂದು ಗಿಳಿ, ಒಂದು ತುಳಸಿಕಟ್ಟೆ. "ಹಬ್ಬ ಮುಗೀತು ಅಂತ ಬಿಡೋಕಾಗತ್ತಾ? ತಗೋಪ್ಪ," ಅಂದರು. ನನ್ನ ಮುಖ ನೋಡಿ, "ಯಾಕೆ, ಬರ್ತಿಲ್ವಾ?" ಅಂತ ಕೇಳಿದರು.

ಹೇಳಿದೆ. ರೈಲು ಬಂದಾಗ ಮನೆ ನಡುಗುತ್ತೆ ಅನ್ಸುತ್ತೆ ದೊಡ್ಡಮ್ಮ, ಅಂದೆ.

"ಇಲ್ಲಪ್ಪ. ಟ್ರೈನಿಗೆ ನಮ್ಮನೆ ನಡುಗಲ್ಲ. ಶುರುವಾದ ದಿನದಿಂದ ನೋಡ್ತಿದೀನಿ. ಷೋಕೇಸಲ್ಲಿರೋ ಗಾಜಿನ ಲೋಟ ಕೂಡ ಸದ್ದು ಮಾಡಲ್ಲ." ಆಮೇಲೆ ಪ್ಯಾರಾಪೆಟ್ ಮೇಲೆ ಅಂಗೈ ಇಟ್ಟರು. ಒಂದು ಕ್ಷಣ ಹಾಗೇ ಇದ್ದು, "ಮೋಟರ್ ಹಾಕಿದೀನಿ ನೋಡು," ಅಂದರು.

ನಾನೂ ಅಂಗೈ ಇಟ್ಟೆ. ಗೋಡೆ ಸಣ್ಣಗೆ ಗುಯ್‌ಗುಡುತ್ತಿತ್ತು. ಕೆಳಗೆ ಸಂಪಿನ ಪಕ್ಕದಲ್ಲಿರುವ ಮೋಟರಿನಿಂದ ಹೊರಟ ಪೈಪು ಗೋಡೆ ಹಿಡಿದು ಮೇಲೆ ಬಂದು, ಪ್ಯಾರಾಪೆಟ್ ಉದ್ದಕ್ಕೂ ಓಡಿ ಮೂಲೆಯ ಸಿಂಟೆಕ್ಸ್‌ಗೆ ಸೇರುತ್ತೆ. ಅದನ್ನು ಗೋಡೆಗೆ ಕ್ಲಾಂಪ್ ಹೊಡೆದು ನಿಲ್ಲಿಸಿದ್ದಾರೆ. ಟ್ರೈಪಾಡಿನ ಒಂದು ಕಾಲನ್ನು ನಾನು ಆ ಪೈಪಿಗೇ ಒತ್ತರಿಸಿ ಇಟ್ಟಿದ್ದೆ. ಕಣ್ಣಿಗೆ ಏನೂ ಕಾಣಲ್ಲ. ಆದರೆ 20 ಸೆಕೆಂಡ್ ಕಣ್ಣು ಬಿಟ್ಟುಕೊಂಡೇ ಇರುವ ಕ್ಯಾಮೆರಾ ಅದನ್ನೆಲ್ಲ ಕೂಡಿಹಾಕಿಕೊಳ್ಳುತ್ತೆ.

ಆಫ್ ಮಾಡಿ ಅಂತ ಕೇಳಲು ಬಾಯಿ ಬರಲಿಲ್ಲ. ಬೆಂಗಳೂರಿನಲ್ಲಿ ನಲ್ಲಿ ನೀರು ಬಂದ ದಿನ ಸಂಪು ತುಂಬಿಸಿ, ಟ್ಯಾಂಕ್ ತುಂಬಿಸಿಕೊಳ್ಳುವುದು ಎಷ್ಟು ದೊಡ್ಡ ಕೆಲಸ ಅಂತ ಇಲ್ಲಿರುವವರಿಗೆ ಗೊತ್ತು. ಟ್ರೈಪಾಡ್ ತೆಗೆದು ನಡುವೆ ಇಟ್ಟರೆ ಹಳಿಗೆ ಪ್ಯಾರಾಪೆಟ್ ಅಡ್ಡ ಬರುತ್ತಿತ್ತು. ದೊಡ್ಡಮ್ಮ ನನ್ನನ್ನೂ ಆಕಾಶವನ್ನೂ ಒಂದು ಸಲ ನೋಡಿದರು. "ಎಷ್ಟು ಹೊತ್ತು ಬೇಕು ನಿಂಗೆ?"

"15 ನಿಮಿಷ ಸಾಕು."

ಅವರು ಮೆಟ್ಟಿಲ ಹತ್ತಿರ ಹೋಗಿ ಕೆಳಗೆ ಕೂಗಿದರು. "ರೀ, ಮೋಟರ್ ಆಫ್ ಮಾಡ್ರೀ. ಆಮೇಲೆ ತುಂಬಿಸ್ಕೊಳ್ಳೋಣ." ಸದ್ದು ನಿಂತಿತು. ಟ್ಯಾಂಕಿಗೆ ಬೀಳುತ್ತಿದ್ದ ನೀರು ತೊಟಕ್ ತೊಟಕ್ ಅಂತ ಮೂರು ಹನಿ ಹಾಕಿ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ನನಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತು ಅಂತ ಹೇಳಲಾರೆ.

ಮುಂದಿನ ಫ್ರೇಮು ಸೂಜಿ ಮೊನೆಯಷ್ಟು ಚೂಪಾಗಿ ಬಂತು. ಆದರೆ ರೈಲಿನ ಗೆರೆ ಮಂಕು.

ಇದು ಶುರುವಿನಲ್ಲಿ ಎಲ್ಲರನ್ನೂ ಕಾಡುವ ವಿಷಯ. ಶಟರ್ ಇನ್ನೂ ಜಾಸ್ತಿ ಹೊತ್ತು ತೆರೆದಿಟ್ಟರೆ ರೈಲು ಇನ್ನೂ ಹೊಳೆಯುತ್ತೆ ಅಂತ ಅನ್ನಿಸುತ್ತೆ. ಹಾಗಾಗಲ್ಲ. ಜಾಸ್ತಿ ಹೊತ್ತಿಗೆ ಹೊಳೆಯುವುದು ಅಲ್ಲಾಡದೆ ನಿಂತ ವಸ್ತು ಮಾತ್ರ. ಕಟ್ಟಡ, ಆಕಾಶ, ಬೀದಿ ದೀಪ. ಓಡುವ ಬೆಳಕು ಸೆನ್ಸರಿನ ಒಂದೊಂದು ಚುಕ್ಕೆಯ ಮೇಲೂ ಇರುವುದು ಅರೆಕ್ಷಣ, ಅದು ದಾಟಿ ಹೋದ ಮೇಲೆ ನೀವು ಒಂದು ಗಂಟೆ ಕಾದರೂ ಅಲ್ಲಿಗೆ ಬೆಳಕು ಸೇರಲ್ಲ. ರೈಲಿನ ಗೆರೆ ಎಷ್ಟು ಪ್ರಕಾಶವಾಗಿರಬೇಕು ಅನ್ನೋದು ಅಪರ್ಚರ್, ಐಎಸ್‌ಒ, ಫಿಲ್ಟರ್, ರೈಲಿನ ವೇಗ ಇವುಗಳ ಕೈಯಲ್ಲಿದೆ. ಊರು ಎಷ್ಟು ಬೆಳಕಾಗಿರಬೇಕು ಅನ್ನೋದಕ್ಕೆ ಶಟರಿನ ಹೊತ್ತೂ ಸೇರುತ್ತೆ. ಒಂದೇ ಫೋಟೋದಲ್ಲಿ ಎರಡು ಫೋಟೋ ತೆಗೆದ ಹಾಗೆ. ಇದು ಅರ್ಥವಾದ ದಿನ ನನಗೆ ಈ ಕೆಲಸದ ಹುಚ್ಚು ಹಿಡಿಯಿತು.

ಇದು ಹಳೇ ಕಥೆ ಕೂಡ. 1838ರಲ್ಲಿ ಪ್ಯಾರಿಸ್ಸಿನ ಒಂದು ಬೀದಿಯನ್ನು, ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದ ಡಾಗೇರ್ ಮೇಲಿನ ಕಿಟಕಿಯಿಂದ ಫೋಟೋ ತೆಗೆದ. ಎಕ್ಸ್‌ಪೋಶರ್ ಕೆಲವು ನಿಮಿಷಗಳದ್ದು. ಗಿಜಿಗುಡುವ ಬೀದಿಯ ಗಾಡಿ, ಕುದುರೆ, ಜನ ಯಾರೂ ಅದರಲ್ಲಿ ಇಲ್ಲ. ಓಡಾಡುತ್ತಿದ್ದವರೆಲ್ಲ ಅಳಿಸಿಹೋದರು. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ನಿಂತಿದ್ದ ಒಬ್ಬ, ಮಸುಕಾಗಿ ಪಾಲಿಶ್ ಹಾಕುತ್ತಿದ್ದವನು, ಇಷ್ಟೇ ಕಾಣುವ ಹಾಗೆ ಉಳಿದದ್ದು.

ನಾನು ಫಿಲ್ಟರ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅಷ್ಟು ಹೊತ್ತಿಗೆ ಅದರ ಅಗತ್ಯ ಇರಲಿಲ್ಲ. ಆಕಾಶ ಇಂಕಿನ ಬಣ್ಣಕ್ಕೆ ತಿರುಗುತ್ತಿತ್ತು.

ದೊಡ್ಡಮ್ಮ ಕೆಳಗೆ ಹೋಗಲಿಲ್ಲ. ಒಗೆದ ಬಟ್ಟೆ ತೆಗೆಯುತ್ತಾ ಮಾತಾಡುತ್ತಿದ್ದರು. ಅವರು ಈ ಮನೆಗೆ ಬಂದಾಗ ಎದುರಿಗೆ ಬರೀ ರಸ್ತೆ, ಆಚೆ ಸಾಲು ಮನೆ. ಎದುರು ಮನೆಯಾಕೆಯೂ ಇವರೂ ಒಂದೇ ವಾರಿಗೆ. ಸಂಜೆ ಇಬ್ಬರೂ ತಂತಮ್ಮ ತಾರಸಿಗೆ ಬಂದು ರಸ್ತೆ ದಾಟಿ ಕೇಳುವ ಹಾಗೆ ಮಾತಾಡುತ್ತಿದ್ದರಂತೆ. ಇವತ್ತೇನು ಸಾರು, ಮಗಳ ರಿಸಲ್ಟ್ ಬಂತಾ, ಹೀಗೆ. ಆಮೇಲೆ ನಡುವೆ ಕಂಬ ಎದ್ದವು, ಕಂಬದ ಮೇಲೆ ಸೇತುವೆ ಕೂತಿತು. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗೆ ರೈಲು ಓಡಿತು. ಇಬ್ಬರೂ ಮೊದಲ ವಾರವೇ ಒಟ್ಟಿಗೆ ಹತ್ತಿ ಹೋಗಿ ಬಂದರಂತೆ. "ಅದರಲ್ಲಿ ಕೂತು ನಮ್ಮನೆ ಟೆರೇಸ್ ನೋಡಿದ್ವಿ. ಬಟ್ಟೆ ಒಣಗಿ ಹಾಕಿದ್ದು ಕಾಣ್ತಿತ್ತು," ಅಂದರು. ಈಗ ಇಬ್ಬರ ಮಾತು ಫೋನಿನಲ್ಲಿ.

ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ, "ಬರತ್ತೆ ನೋಡು, ಮಾದಾವರದ್ದು," ಅಂದರು. ಮಾದಾವರ ಈ ಮಾರ್ಗದ ಒಂದು ಕೊನೆ, ಸಿಲ್ಕ್ ಇನ್‌ಸ್ಟಿಟ್ಯೂಟ್ ಇನ್ನೊಂದು ಕೊನೆ.

ನನಗೆ ಏನೂ ಕಾಣುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಆದರೂ ಬಟನ್ ಒತ್ತಿದೆ. ನಾಲ್ಕೈದು ಸೆಕೆಂಡಿಗೆ ಶ್ರೀರಾಂಪುರದ ಕಡೆಯಿಂದ ರೈಲು ಫ್ರೇಮಿನೊಳಕ್ಕೆ ಬಂತು. ಸರಿಯಾಗಿ ಬೇಕಾದ ಹೊತ್ತಿಗೆ! ನಾನು ಅಲ್ಲಿಯವರೆಗೆ ರೈಲಿನ ಮುಂದೀಪ ಕಂಡ ಮೇಲೆ ಒತ್ತುತ್ತಿದ್ದೆ, ಗೆರೆ ಅರ್ಧದಿಂದ ಶುರುವಾಗುತ್ತಿತ್ತು.

ಹೇಗೆ ಗೊತ್ತಾಯಿತು ಅಂತ ಕೇಳಿದೆ. ಅವರು ವಿವರಿಸಿದ್ದು ಹೀಗೆ. ನಿಲ್ದಾಣಕ್ಕೆ ಬರುವ ರೈಲು ವೇಗ ಇಳಿಸುತ್ತಾ ಬರುತ್ತೆ, ಅದಕ್ಕೂ ಮೊದಲು ಹಳಿ 'ಸುಂಯ್' ಅನ್ನುತ್ತೆ, ಚಾಕು ಮಸೆದ ಹಾಗೆ. ನಿಲ್ದಾಣದಿಂದ ಹೊರಟ ರೈಲಿಗೆ ಬೇರೆ ಸದ್ದು. ಮೊದಲು ದಪ್ಪಗೆ ಶುರುವಾಗಿ ಏರುತ್ತಾ ಏರುತ್ತಾ ಸಣ್ಣಗಾಗುತ್ತೆ. "ಅದು ಸಿಲ್ಕ್ ಇನ್‌ಸ್ಟಿಟ್ಯೂಟ್ ಕಡೆದು. ಅಡುಗೆಮನೇಲಿದ್ರೂ ನಂಗೆ ಗೊತ್ತಾಗತ್ತೆ ಯಾವ್ದು ಅಂತ." ಹೊರಟ ರೈಲಿನ ಮೋಟರ್ ವೇಗ ಹಿಡಿಯುತ್ತಿದ್ದಂತೆ ಸ್ವರ ಏರುವುದನ್ನು ನಾನೂ ರೈಲಿನೊಳಗೆ ಎಷ್ಟೋ ಸಲ ಕೇಳಿದ್ದೇನೆ. ಅದನ್ನು ಸೌಟು ಹಿಡಿದುಕೊಂಡು ದಿಕ್ಕು ಹೇಳುವಷ್ಟು ಬಲ್ಲವರನ್ನು ಅವತ್ತೇ ನೋಡಿದ್ದು.

ಅಲ್ಲಿಂದ ಮುಂದೆ ನಾನು ಕಣ್ಣಿನ ಕೆಲಸ, ಅವರು ಕಿವಿಯ ಕೆಲಸ ಅಂತಾಯಿತು. ಅವರು "ಹೂಂ" ಅಂದರೆ ನಾನು ಒತ್ತುತ್ತಿದ್ದೆ.

ನನಗೆ ಎರಡೂ ದಿಕ್ಕಿನ ರೈಲು ಒಂದೇ ಫ್ರೇಮಿನಲ್ಲಿ ಬೇಕಿತ್ತು. ಒಂದರ ಮುಂದಿನ ಬಿಳಿ ದೀಪ, ಇನ್ನೊಂದರ ಹಿಂದಿನ ಕೆಂಪು ದೀಪ, ನಡುವೆ ಕಿಟಕಿಗಳ ಪಟ್ಟಿ. ರೈಲುಗಳು ನಮ್ಮ ಎದುರೇ ದಾಟಿಕೊಳ್ಳಬೇಕು ಅಂದರೆ ಅದೃಷ್ಟ ಬೇಕು. 6.43ಕ್ಕೆ ದೊಡ್ಡಮ್ಮ ಕೈಯಲ್ಲಿದ್ದ ಟವೆಲನ್ನು ಹಾಗೇ ಹಿಡಿದುಕೊಂಡು ನಿಂತರು.

"ಇರು. ಸ್ಟೇಷನ್ನಿಂದ ಒಂದು ಹೊರಟಿದೆ... ಆ ಕಡೆದೂ ಬರ್ತಿದೆ. ಎರಡೂ ಬರತ್ತೆ. ಹೂಂ!"

ಶಟರನ್ನು 30 ಸೆಕೆಂಡಿಗೆ ಇಟ್ಟು ಒತ್ತಿದೆ. ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು. ಆರಾರು ಬೋಗಿ. ಒಂದೊಂದು ರೈಲೂ ಹತ್ತಿರ ಹತ್ತಿರ 130 ಮೀಟರ್ ಉದ್ದ, ಗಂಟೆಗೆ 40 ಕಿಲೋಮೀಟರ್ ವೇಗ ಅಂದುಕೊಂಡರೂ ಪೂರ್ತಿ ದಾಟಲು 12 ಸೆಕೆಂಡ್ ಬೇಕು. ನಮ್ಮ ಮುಂದೆಯೇ ಒಂದನ್ನೊಂದು ಹಾದು ಹೋದವು. ಕಿಟಕಿಗಳಲ್ಲಿ ನಿಂತವರು, ಕೂತವರು, ಫೋನ್ ನೋಡುವವರು. ಕೆಂಪು ದೀಪ ದೂರವಾಯಿತು. ದೊಡ್ಡಮ್ಮನೂ ನಾನೂ ಮಾತಾಡಲಿಲ್ಲ. ಅವರೂ ಉಸಿರು ಹಿಡಿದಿದ್ದರು ಅಂತ ಶಟರ್ ಮುಚ್ಚಿದ ಮೇಲೆ ಗೊತ್ತಾಯಿತು.

ಆ ಫೋಟೋ ಬಂದಿತ್ತು.

ಅದಾದ ಮೇಲೆ ಮೋಟರ್ ಮತ್ತೆ ಹಾಕಿದರು. ನಾನು ಟ್ಯಾಂಕ್ ತುಂಬುವವರೆಗೂ ಕೂತಿದ್ದು, ಊಟ ಮಾಡಿಕೊಂಡೇ ಹೊರಟೆ.

ಎರಡು ವಾರ ಬಿಟ್ಟು ದೊಡ್ಡ ಪ್ರಿಂಟ್ ಹಾಕಿಸಿ ತೆಗೆದುಕೊಂಡು ಹೋದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಅದನ್ನು ಊಟದ ಟೇಬಲ್ ಮೇಲೆ ಹರಡಿದರು. ಬಿಳಿ ಗೆರೆ, ಕೆಂಪು ಗೆರೆ, ನೀಲಿ ಆಕಾಶ, ಅದ್ಯಾವುದನ್ನೂ ಅವರು ಮೊದಲು ನೋಡಲಿಲ್ಲ. ಬೆರಳು ಮೆಲ್ಲಗೆ ಸರಿಯುತ್ತಾ ರೈಲಿನ ಪಟ್ಟಿಯ ನಡುವೆ ಒಂದು ಕಡೆ ನಿಂತಿತು. ಅಲ್ಲಿ ಚೌಕಾಕಾರದ ಒಂದು ಹಳದಿ ಬೆಳಕು ರೈಲನ್ನು ಹಾದು ಕಾಣುತ್ತಿತ್ತು. ನಾನು ಅದನ್ನು ಎಡಿಟ್ ಮಾಡುವಾಗ ಗಮನಿಸಿಯೇ ಇರಲಿಲ್ಲ.

"ಇದು ಅವರ ಅಡುಗೆಮನೆ," ಅಂದರು.

ರೈಲು ಒಂದು ಜಾಗಕ್ಕೆ ಅಡ್ಡ ಇರುವುದು ಕೆಲವೇ ಸೆಕೆಂಡ್. 30 ಸೆಕೆಂಡಿನಲ್ಲಿ ಉಳಿದ ಹೊತ್ತೆಲ್ಲ ಹಿಂದಿನ ದೀಪ ಕ್ಯಾಮೆರಾಗೆ ಕಾಣುತ್ತಲೇ ಇರುತ್ತೆ. ಹಾಗಾಗಿ ರೈಲು ಗಾಜಿನ ಹಾಗೆ ತೆಳ್ಳಗಾಗಿ, ಅದರ ಆಚೆಯ ಕಿಟಕಿ ಉಳಿದುಕೊಂಡಿದೆ. ನಾನು ಇದನ್ನು ಹೇಳಲು ಹೊರಟೆ. ದೊಡ್ಡಮ್ಮ ಆಗಲೇ ಫೋನ್ ಹಚ್ಚಿದ್ದರು.

"ರೀ, ನಿಮ್ಮ ಅಡುಗೆಮನೆ ಲೈಟು ಫೋಟೋದಲ್ಲಿ ಬಿದ್ದಿದೆ ಕಣ್ರೀ. ಹೂಂ, ಟ್ರೈನ್ ಇದೆ, ಟ್ರೈನ್ ಒಳಗಿಂದಾನೇ ಕಾಣ್ತಿದೆ. ಹಬ್ಬ ಆದ್ಮೇಲೆ ಶನಿವಾರ, ಆರೂಮುಕ್ಕಾಲು. ಏನ್ ಮಾಡ್ತಿದ್ರಿ ಆವಾಗ?"

ಆ ಕಡೆಯಿಂದ ಏನೋ ಹೇಳಿದರು. ದೊಡ್ಡಮ್ಮ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು.

"ಅವರೆಕಾಳು ಹಿಸುಕ್ತಾ ಇದ್ರಂತೆ."